ನೋಡುವ ಕಣ್ಣು

ಪರೀಕ್ಷೆಯ ಕೊಠಡಿಯಲ್ಲಿ ಮೂರು ಗಂಟೆ ನಿಂತುಕೊಂಡಿರುವುದು ಅಧ್ಯಾಪಕನ ಬಾಳಿನ ಅತ್ಯಂತ ಬೇಸರದ ಕೆಲಸ. ಓದುವಂತಿಲ್ಲ, ಬರೆಯುವಂತಿಲ್ಲ, ಕುಳಿತರೆ ತಪ್ಪು, ಮಾತನಾಡಿದರೆ ಇನ್ನೂ ದೊಡ್ಡ ತಪ್ಪು. ಮಾಡಬೇಕಾದುದೆಂದರೆ ನೋಡುವುದು ಒಂದೇ. ಇಪ್ಪತ್ತು ವರ್ಷಗಳಿಂದ ಹೀಗೆ ಸಂಬಳ ಪಡೆದು ನೋಡುತ್ತ ಬಂದ ನನಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ನಾನು ಹುಡುಗರ ಕಡೆ ಮುಖ ಮಾಡಿ ನಿಂತಾಗ ಹಿಂದಿನ ಸಾಲಿನ ಕತ್ತುಗಳು ಒಂದು ರೀತಿ ಇರುತ್ತವೆ. ಕಿಟಕಿಯ ಕಡೆ ತಿರುಗಿದಾಗ ಇನ್ನೊಂದು ರೀತಿ. ಬೆನ್ನಿಗೆ ಕಣ್ಣಿಲ್ಲದಿದ್ದರೂ ಕಿವಿಯಿದೆ. ಬೆಂಚಿನ ಕಿರುಗುಟ್ಟು, ಕಾಗದದ ಸಣ್ಣ ಮರ್ಮರ ಅದಕ್ಕೆ ಕೇಳಿಸುತ್ತದೆ. ತಿರುಗಿ ನೋಡಿದರೆ ಎಲ್ಲರೂ ಋಷಿಗಳು.

ಕಳೆದ ಬೇಸಿಗೆಯಲ್ಲಿ ನನ್ನ ಹೆಂಡತಿಯ ತಮ್ಮ ನಾಲ್ಕು ದಿನ ರಜೆಯ ಮೇಲೆ ಬಂದವನು ಈ ಋಷಿಗಳ ಮಾತನ್ನು ಮತ್ತೆ ನೆನಪಿಗೆ ತಂದ. ಅವನು ರಾಜ್ಯದ ಗಡಿಯಾಚೆ, ಕಲ್ಲಿದ್ದಲಿನಿಂದ ವಿದ್ಯುತ್ ತಯಾರಿಸುವ ಒಂದು ಸ್ಥಾವರದಲ್ಲಿ ಕೆಲಸಕ್ಕಿದ್ದಾನೆ. ಯಾವ ಸ್ಥಾವರ, ಯಾವ ಊರು ಎಂಬುದು ಇಲ್ಲಿ ಬೇಡ. ಅವನ ಕೆಲಸವೂ ನನ್ನ ಕೆಲಸವೂ ಒಂದೇ ಜಾತಿಯವು ಎಂದು ಅಂದು ರಾತ್ರಿ ಮಾತಿಗೆ ಕುಳಿತಾಗ ನನಗೆ ಹೊಳೆಯಿತು. ನಾನು ಹುಡುಗರನ್ನು ನೋಡುತ್ತೇನೆ; ಅವನು ಹೊಗೆಯನ್ನು ನೋಡುತ್ತಾನೆ.

ನಮ್ಮ ಹಿರಿಯರಿಗೆ ಕರೆಂಟು ಎಂದರೆ ನೀರು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಕಾವೇರಿಯ ಶಕ್ತಿ; ಆಮೇಲೆ ಬಂದದ್ದು ಶರಾವತಿಯ ಶಕ್ತಿ. ನೀರಿಗೆ ಹೊಗೆಯಿಲ್ಲ. ೧೯೮೫ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯತೊಡಗಿದ ಮೇಲೆ ನಮ್ಮ ಮನೆಯ ದೀಪಕ್ಕೂ ಒಂದು ಚಿಮಣಿ ಬಂತು. ಅದು ನಮ್ಮ ಕಣ್ಣಿಗೆ ಬೀಳದಷ್ಟು ದೂರದಲ್ಲಿದೆ, ಅಷ್ಟೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿಯಂತೆ. ಆ ಬೂದಿಯನ್ನು ಹೊಗೆಯಿಂದ ಬೇರ್ಪಡಿಸಲು ವಿದ್ಯುತ್ ಹಾಯಿಸಿದ ದೊಡ್ಡ ದೊಡ್ಡ ತಗಡುಗಳಿರುತ್ತವೆ. ಕಣಗಳು ಹೋಗಿ ಅವಕ್ಕೆ ಅಂಟಿಕೊಳ್ಳುತ್ತವೆ. ಅದನ್ನೂ ದಾಟಿ ಹೋದದ್ದು ಆಕಾಶಕ್ಕೆ. ಗಂಧಕದ ಡೈಆಕ್ಸೈಡು, ಸಾರಜನಕದ ಆಕ್ಸೈಡುಗಳು ಕಣ್ಣಿಗೆ ಕಾಣದೆ ಅದರ ಜೊತೆಗೆ ಹೋಗುತ್ತವೆ.

ಈಗ ಇದನ್ನೆಲ್ಲ ಹಗಲಿರುಳು ಅಳೆಯುವ ಯಂತ್ರಗಳಿವೆ. ಚಿಮಣಿಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬೆಳಕಿನ ಕಿರಣವೊಂದನ್ನು ಬಿಟ್ಟು, ಅದು ಎಷ್ಟು ಮಂಕಾಯಿತು ಎಂಬುದರಿಂದ ದೂಳನ್ನು ಲೆಕ್ಕ ಹಾಕುತ್ತಾರೆ. ಬಿಸಿ ಮಾಡಿದ ಕೊಳವೆಯಲ್ಲಿ ಹೊಗೆಯನ್ನು ಸ್ವಲ್ಪ ಸ್ವಲ್ಪವಾಗಿ ಹೀರಿ, ಅನಿಲಗಳನ್ನು ಬೇರೆ ಯಂತ್ರದಲ್ಲಿ ಅಳೆಯುತ್ತಾರೆ. ಅಂಕಿಗಳು ತಂತಿಯ ಮೂಲಕ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಾವಾಗಿಯೇ ಹೋಗುತ್ತವೆ. ೨೦೧೪ರ ಫೆಬ್ರವರಿಯಲ್ಲಿ ಕೇಂದ್ರ ಮಂಡಳಿಯು ಹೆಚ್ಚು ಮಾಲಿನ್ಯ ಮಾಡುವ ಹದಿನೇಳು ಬಗೆಯ ಕೈಗಾರಿಕೆಗಳಿಗೆ ಇಂಥ ಯಂತ್ರಗಳನ್ನು ಇಡಲು ಆದೇಶ ಕೊಟ್ಟಿತು. ಉಷ್ಣ ವಿದ್ಯುತ್ ಸ್ಥಾವರಗಳು ಅವುಗಳಲ್ಲಿ ಒಂದು.

ನಾನು ಕೇಳಿದೆ, “ಹೊಗೆಯೊಳಕ್ಕೆ ಗಾಳಿ ಬೆರೆಸಿಬಿಟ್ಟರೆ ಅಂಕಿ ಇಳಿಯುವುದಿಲ್ಲವೇನೋ? ಹಾಲಿಗೆ ನೀರು ಹಾಕಿದ ಹಾಗೆ?”

“ಇಳಿಯುತ್ತೆ, ಭಾವ. ಆದರೆ ಗಾಳಿ ಬೆರೆತರೆ ಆಮ್ಲಜನಕ ಹೆಚ್ಚಾಗುತ್ತೆ. ಅದನ್ನೂ ಅಳೀತೀವಿ. ಅದನ್ನ ಲೆಕ್ಕಕ್ಕೆ ಹಿಡಿದು ಅಂಕೀನ ಸರಿ ಮಾಡ್ತೀವಿ. ಮೋಸ ಮಾಡಬೇಕು ಅಂದ್ರೆ ಎರಡು ಕಡೆ ಮಾಡಬೇಕು.”

ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು ಬೇಕು ಎಂಬುದನ್ನು ಯಂತ್ರಗಾರರು ಚೆನ್ನಾಗಿ ಅರಿತಿದ್ದಾರೆ ಎಂದು ನಾನು ನಕ್ಕೆ. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಅಕ್ಕ ಒಳಗೆ ಮಲಗಿದ್ದಾಳೆಯೇ ಎಂದು ನೋಡಿಕೊಂಡು, ಹೇಳತೊಡಗಿದ.

ಒಂದು ರಾತ್ರಿ ಪಾಳಿಯಲ್ಲಿ ಬೂದಿ ಹಿಡಿಯುವ ತಗಡುಗಳ ಒಂದು ವಿಭಾಗ ಕೆಟ್ಟು ನಿಂತಿತು. ದೂಳಿನ ಅಂಕಿ ಮಿತಿಯನ್ನು ದಾಟಿ ಏರತೊಡಗಿತು. ನ್ಯಾಯವಾಗಿ ಮಾಡಬೇಕಾದುದು, ಉರಿಸುವ ಕಲ್ಲಿದ್ದಲನ್ನು ಕಡಿಮೆ ಮಾಡಿ, ವಿದ್ಯುತ್ತನ್ನು ಇಳಿಸಿ, ಕೆಟ್ಟುದನ್ನು ಸರಿಪಡಿಸುವುದು. ಆದರೆ ಅಂದು ಬೇಡಿಕೆ ಹೆಚ್ಚಿತ್ತು. ಮೇಲಿನವರೊಬ್ಬರು ಫೋನಿನಲ್ಲಿ, “ನೀನು ಯಂತ್ರವನ್ನು ಕ್ಯಾಲಿಬ್ರೇಷನ್‌ಗೆ ಹಾಕಿಬಿಡು” ಎಂದರು. ಯಂತ್ರವನ್ನು ಪರೀಕ್ಷೆಗೆ ಹಾಕಿದಾಗ ಬರುವ ಅಂಕಿಗಳು ಲೆಕ್ಕಕ್ಕೆ ಬರುವುದಿಲ್ಲ. ಇವನು ಹಾಕಿದ. ಮೂರು ಗಂಟೆ ಹೊತ್ತು ಚಿಮಣಿ ತನಗೆ ತೋಚಿದಂತೆ ಉಗುಳಿತು. ದಿನಚರಿ ಪುಸ್ತಕದಲ್ಲಿ ಇವನು ‘ಕ್ಯಾಲಿಬ್ರೇಷನ್’ ಎಂದು ಬರೆದು ಸಹಿ ಹಾಕಿದ.

“ಒಂದೇ ಪದ, ಭಾವ. ಬೇರೆ ಏನೂ ಮಾಡಲಿಲ್ಲ. ಬೆಳಿಗ್ಗೆ ಪಾಳಿ ಮುಗಿಸಿ ಬರ್ತಾ ಇದ್ದೆ. ಪಕ್ಕದ ಹಳ್ಳೀಲಿ ಒಬ್ಬ ಅಜ್ಜಿ ತುಳಸಿ ಕಟ್ಟೆ ಒರೆಸ್ತಾ ಇದ್ರು. ಒರೆಸಿದ ಬಟ್ಟೆ ನೋಡಿ, ನನ್ನ ಕಡೆ ಒಂದು ಸಲ ನೋಡಿದ್ರು. ಅವರಿಗೆ ಯಾವ ಯಂತ್ರಾನೂ ಬೇಕಾಗಿರಲಿಲ್ಲ.” ಆಮೇಲೆ ಕೇಳಿದ: “ಇನ್ನೊಂದು ಸಲ ಹೀಗೇ ಆದ್ರೆ ನಾನೇನು ಮಾಡಲಿ? ನೀವು ನೀತಿ ಪಾಠ ಹೇಳೋರು, ನೀವು ಹೇಳಿ.”

ನಾನು ನೀತಿ ಪಾಠ ಹೇಳುವವನು ಎಂಬುದು ನಿಜ. ಕನಕದಾಸರನ್ನು ಪಾಠ ಮಾಡುವಾಗಲೆಲ್ಲ ಬಾಳೆಹಣ್ಣಿನ ಕಥೆಯನ್ನು ಹೇಳಿಯೇ ಹೇಳುತ್ತೇನೆ. ಅದು ಐತಿಹ್ಯವೇ ಇರಬಹುದು, ಆದರೆ ಕನ್ನಡ ನಾಡಿನಲ್ಲಿ ಅದನ್ನು ಕೇಳದ ಮಗುವಿಲ್ಲ. ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ನೋಡದ ಕಡೆ ಹೋಗಿ ತಿಂದು ಬನ್ನಿ ಎಂದರು. ಒಬ್ಬ ಬಾಗಿಲ ಮರೆಯಲ್ಲಿ ತಿಂದ, ಒಬ್ಬ ಕಂಬಳಿ ಹೊದ್ದು ತಿಂದ. ಕನಕದಾಸರು ಮಾತ್ರ ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದು, ದೇವರು ನೋಡದ ಜಾಗ ಸಿಕ್ಕಲಿಲ್ಲ ಎಂದರು. ಇಷ್ಟು ವರ್ಷ ನಾನು ಈ ಕಥೆಯಲ್ಲಿ ಕನಕದಾಸರನ್ನೇ ನೋಡುತ್ತಿದ್ದೆ. ಅಂದು ರಾತ್ರಿ ಮೊದಲ ಬಾರಿಗೆ ಉಳಿದ ಶಿಷ್ಯರು ಕಣ್ಣಿಗೆ ಬಿದ್ದರು. ಅವರು ಕೆಟ್ಟವರಲ್ಲ, ಮಠದಲ್ಲಿ ಓದುತ್ತಿದ್ದವರು. ಸುಳ್ಳನ್ನೂ ಹೇಳಲಿಲ್ಲ, ಯಾರೂ ನೋಡಲಿಲ್ಲ ಎಂದು ಮನಸಾರೆ ನಂಬಿಯೇ ಗುರುಗಳ ಮುಂದೆ ನಿಂತರು. ಹಣ್ಣು ತಿಂದವರು ಅಷ್ಟು ಮಂದಿ, ಹಿಂದಕ್ಕೆ ತಂದವರು ಒಬ್ಬರು. ಕಥೆ ಕನಕದಾಸರ ಮಹಿಮೆಯನ್ನು ಹೇಳುತ್ತದೆ, ಸರಿ. ಉಳಿದ ನಮ್ಮ ಲೆಕ್ಕವನ್ನೂ ಹೇಳುತ್ತದೆ.

ಗ್ರೀಸಿನ ಪ್ಲೇಟೋ ಇದೇ ಪ್ರಶ್ನೆಯನ್ನು ಒಂದು ಉಂಗುರದ ಕಥೆಯಲ್ಲಿ ಎತ್ತಿದ್ದಾನೆ. ತೊಟ್ಟವನನ್ನು ಅದೃಶ್ಯನನ್ನಾಗಿ ಮಾಡುವ ಉಂಗುರವೊಂದು ಕುರುಬನೊಬ್ಬನಿಗೆ ಸಿಕ್ಕಿತು. ಅವನು ಅದನ್ನು ತೊಟ್ಟು ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು, ರಾಜ್ಯವನ್ನೇ ಕಿತ್ತುಕೊಂಡ. ಇಂಥ ಉಂಗುರ ಸಿಕ್ಕಿದ ಮೇಲೂ ನ್ಯಾಯವಂತನಾಗಿ ಉಳಿಯುವವನು ಯಾರಾದರೂ ಇದ್ದಾನೆಯೇ ಎಂಬುದು ಅಲ್ಲಿನ ಪ್ರಶ್ನೆ. ನಮ್ಮ ಕಾಲದಲ್ಲಿ ಆ ಉಂಗುರವನ್ನು ತೊಟ್ಟವರಿಗೆ ಬೆರಳುಗಳೇ ಇಲ್ಲ. ಚಿಮಣಿಗಳೂ ಎಂಜಿನ್ನುಗಳೂ ಅದನ್ನು ತೊಟ್ಟಿವೆ. ೨೦೧೫ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಗುಟ್ಟು ಬಯಲಾದದ್ದು ನೆನಪಿರಬಹುದು. ಅದರ ಡೀಸೆಲ್ ಕಾರುಗಳಿಗೆ ತಾವು ಪರೀಕ್ಷೆಯ ಕೊಠಡಿಯಲ್ಲಿದ್ದೇವೆಯೇ, ರಸ್ತೆಯಲ್ಲಿದ್ದೇವೆಯೇ ಎಂಬುದು ತಿಳಿಯುತ್ತಿತ್ತು. ಪರೀಕ್ಷೆಯಲ್ಲಿ ಋಷಿ, ರಸ್ತೆಯಲ್ಲಿ ಮಿತಿಯ ನಲವತ್ತು ಪಟ್ಟಿನವರೆಗೆ ಹೊಗೆ. ನನ್ನ ಹಿಂದಿನ ಬೆಂಚಿನ ಹುಡುಗರಿಗೆ ಇಷ್ಟು ಬುದ್ಧಿ ಎಂದೂ ಬಂದಿರಲಿಲ್ಲ.

ಇದು ಒಂದು ಕಂಪನಿಯ ದುರ್ಬುದ್ಧಿ ಎಂದು ಬಿಟ್ಟುಬಿಡೋಣವೇ? ಹಾಗೆ ಬಿಡಲೂ ಬರುವುದಿಲ್ಲ. ಅಮೆರಿಕದ ಎಷ್ಟೋ ಊರುಗಳಲ್ಲಿ ಗಾಳಿಯ ದೂಳನ್ನು ಆರು ದಿನಕ್ಕೊಮ್ಮೆ ಅಳೆಯುತ್ತಾರೆ. ಯಾವ ದಿನ ಎಂಬ ಪಟ್ಟಿಯನ್ನು ಮುಂಚಿತವಾಗಿಯೇ ಪ್ರಕಟಿಸಿರುತ್ತಾರೆ. ಎರಿಕ್ ಝೂ ಎಂಬ ಅರ್ಥಶಾಸ್ತ್ರಜ್ಞ ಉಪಗ್ರಹದ ಚಿತ್ರಗಳಿಂದ ಉಳಿದ ಐದು ದಿನಗಳ ಗಾಳಿಯನ್ನೂ ಲೆಕ್ಕ ಹಾಕಿ, ೨೦೨೧ರಲ್ಲಿ ಪ್ರಕಟಿಸಿದ. ಅಳೆಯದ ದಿನಗಳ ಗಾಳಿ ಅಳೆಯುವ ದಿನದ ಗಾಳಿಗಿಂತ ಕೊಳೆಯಾಗಿತ್ತು. ಮೇಲ್ವಿಚಾರಕ ಕಿಟಕಿಯ ಕಡೆ ತಿರುಗಿದ್ದಾನೆ ಎಂಬುದು ಊರಿಗೆ ಊರೇ ಅರಿತಂತೆ!

ಆದ್ದರಿಂದಲೇ ಬಿಡದೆ ನೋಡುವ ಕಣ್ಣು ಬೇಕಾಯಿತು. ೧೯೯೦ರಲ್ಲಿ ಅಮೆರಿಕ ಆಮ್ಲ ಮಳೆಯನ್ನು ತಡೆಯಲು ಕಾನೂನು ಮಾಡಿದಾಗ, ಇಪ್ಪತ್ತೈದು ಮೆಗಾವಾಟಿಗಿಂತ ದೊಡ್ಡ ಕಲ್ಲಿದ್ದಲಿನ ಘಟಕಗಳು ತಮ್ಮ ಹೊಗೆಯನ್ನು ಗಂಟೆಗಂಟೆಗೂ ಅಳೆದು ವರದಿ ಮಾಡಬೇಕೆಂದು ಕಟ್ಟುಮಾಡಿತು. ಅಲ್ಲಿನ ವಿದ್ಯುತ್ ಸ್ಥಾವರಗಳಿಂದ ಹೊರಬೀಳುವ ಗಂಧಕದ ಡೈಆಕ್ಸೈಡು ಅಂದಿನಿಂದ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಇಳಿದಿದೆ. ಕಲ್ಲಿದ್ದಲಿನ ಬದಲು ಅನಿಲ ಬಂದದ್ದೂ ಅದಕ್ಕೆ ಕಾರಣ. ಆದರೆ ಅಳತೆಯಿಲ್ಲದೆ ಈ ಇಳಿತವನ್ನು ನಂಬುವವರು ಯಾರು?

ಆ ಕಾನೂನಿನಲ್ಲಿ ನನ್ನ ಮನಸ್ಸನ್ನು ಹಿಡಿದ ಅಂಶಗಳು ಎರಡು. ಒಂದು, ಸಾಕ್ಷಿಯನ್ನೇ ದಿನವೂ ಪರೀಕ್ಷಿಸುವುದು. ಸೊನ್ನೆಗೆ ಹತ್ತಿರವಾದ ಒಂದು ಅನಿಲ, ಪ್ರಮಾಣ ಮೊದಲೇ ಗೊತ್ತಿರುವ ಇನ್ನೊಂದು ಅನಿಲ, ಇವೆರಡನ್ನೂ ಯಂತ್ರಕ್ಕೆ ಉಣಿಸಿ, ಇದ್ದುದನ್ನು ಇದ್ದಂತೆ ಹೇಳುತ್ತದೆಯೇ ಎಂದು ನೋಡುತ್ತಾರೆ. ನಿನ್ನೆ ನಿಜ ಹೇಳಿದ್ದು ಇಂದಿಗೆ ಸಾಲದು. ಎರಡನೆಯದು ಇನ್ನೂ ಸ್ವಾರಸ್ಯದ್ದು. ಯಂತ್ರ ಕೆಟ್ಟು ಅಂಕಿ ಬಾರದಿದ್ದರೆ ಆ ಗಂಟೆಗಳನ್ನು ಖಾಲಿ ಬಿಡುವಂತಿಲ್ಲ. ನಿಯಮದ ಪ್ರಕಾರ ಒಂದು ಅಂಕಿಯನ್ನು ತುಂಬಬೇಕು. ಯಂತ್ರ ಮತ್ತೆ ಮತ್ತೆ ಮೌನ ತಾಳಿದಷ್ಟೂ ತುಂಬಬೇಕಾದ ಅಂಕಿ ದೊಡ್ಡದಾಗುತ್ತ ಹೋಗಿ, ಕೊನೆಗೆ ಆ ಚಿಮಣಿ ಉಗುಳಬಹುದಾದ ಗರಿಷ್ಠ ಪ್ರಮಾಣವನ್ನೇ ಬರೆಯಬೇಕಾಗುತ್ತದೆ. ಅಂದರೆ, ಕಣ್ಣು ಮುಚ್ಚಿದ್ದರಿಂದ ಲಾಭವಾಗಕೂಡದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ, ಕುಡಿದುದಕ್ಕಿಂತ ಹೆಚ್ಚು ಹಾಲಿನ ಬೆಲೆಯನ್ನು ಅದರ ಲೆಕ್ಕಕ್ಕೆ ಬರೆದಂತೆ. ನನ್ನ ಭಾವಮೈದುನನಿಗೆ ಇದನ್ನು ಹೇಳಿದಾಗ ಅವನು, “ಹಾಗಿದ್ದಿದ್ರೆ ಆ ರಾತ್ರಿ ನಂಗೆ ಆ ಫೋನೇ ಬರ್ತಿರಲಿಲ್ಲ” ಎಂದ.

ಇಲ್ಲಿ ವಿಚಾರವಂತರು ಒಂದು ಆಕ್ಷೇಪ ಎತ್ತಬಹುದು. ನಾನೇ ಎಷ್ಟೋ ಸಲ ಎತ್ತಿದ್ದೇನೆ. ಕಾವಲಿಟ್ಟು ಕೊಯ್ದ ಬೆಳೆ ಬೆಳೆಯೇ ಹೌದು, ಆದರೆ ಕಾವಲಿಟ್ಟು ಮಾಡಿಸಿದ ಧರ್ಮ ಧರ್ಮವೇ? ೨೦೨೪ರಲ್ಲಿ ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮರಾ ಇಟ್ಟು ದೂರದಿಂದಲೇ ನೋಡುವ ಏರ್ಪಾಡಾಯಿತು. ಹಿಂದಿನ ವರ್ಷ ನೂರಕ್ಕೆ ೮೩.೮೯ ಇದ್ದ ಉತ್ತೀರ್ಣರ ಪ್ರಮಾಣ ೭೩.೪೦ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಆ ಕ್ಯಾಮರಾ ಹುಡುಗರನ್ನು ಪ್ರಾಮಾಣಿಕರನ್ನಾಗಿ ಮಾಡಿತೇ, ಅಥವಾ ಅಂಜುಬುರುಕರನ್ನಾಗಿ ಮಾತ್ರ ಮಾಡಿತೇ? ನೋಡುವವನಿದ್ದಾಗ ಮಾತ್ರ ಒಳ್ಳೆಯವನಾಗಿರಲು ಕಲಿತವನು, ನೋಡುವವನು ಹೋದ ಕೂಡಲೇ ಏನಾಗುತ್ತಾನೆ? ಅಧ್ಯಾಪಕನಾದವನಿಗೆ ಇದು ಸಣ್ಣ ಚಿಂತೆಯಲ್ಲ.

ಆದರೆ ಹುಡುಗನನ್ನೂ ಚಿಮಣಿಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪೆಂದು ಈಗ ನನಗೆ ತೋರುತ್ತದೆ. ಹುಡುಗನಿಗೆ ಅಂತರಂಗವಿದೆ, ಅದನ್ನು ಬೆಳೆಸುವುದು ನಮ್ಮ ಕೆಲಸ. ಅತಿಯಾದ ಕಾವಲು ಅದನ್ನು ಕುಂದಿಸಬಹುದು. ಚಿಮಣಿಗೆ ಅಂತರಂಗವಿಲ್ಲ, ಇರುವುದು ಬೂದಿ ಮಾತ್ರ. ಅದರ ಒಡೆತನದ ಸಂಸ್ಥೆಗೂ, ಲಾಭನಷ್ಟದ ಪಟ್ಟಿಯಿದೆಯೇ ಹೊರತು, ರಾತ್ರಿ ಎಚ್ಚರವಾಗಿಸುವ ಮನಸ್ಸಾಕ್ಷಿಯಿಲ್ಲ. ಅಲ್ಲದೆ, ಆ ಹಳ್ಳಿಯ ಕೂಸಿನ ಶ್ವಾಸಕೋಶ, ಈ ದೂಳು ಕಡಿಮೆಯಾದದ್ದು ಧರ್ಮಬುದ್ಧಿಯಿಂದಲೋ ದಂಡದ ಭಯದಿಂದಲೋ ಎಂದು ವಿಚಾರಿಸುವುದಿಲ್ಲ. ಮಾಡುವವನ ಆತ್ಮೋದ್ಧಾರಕ್ಕಾಗಿ ಮತ್ತೊಬ್ಬರ ಉಸಿರನ್ನು ಪಣವಾಗಿಡಲು ನಮಗೆ ಅಧಿಕಾರವಿಲ್ಲ. ಆದ್ದರಿಂದ ಚಿಮಣಿಗೆ ಕಣ್ಣಿರಲಿ, ಎವೆಯಿಕ್ಕದ ಕಣ್ಣೇ ಇರಲಿ ಎಂದು ನಾನು ಹೇಳುತ್ತೇನೆ.

ಹಾಗೆಂದು ಯಂತ್ರ ಬಂದಿತು, ಇನ್ನು ಮನುಷ್ಯನ ಪ್ರಾಮಾಣಿಕತೆ ಬೇಕಿಲ್ಲ ಎಂದುಕೊಂಡರೆ ಮೋಸ ಹೋದೆವು. ಯಂತ್ರವನ್ನು ಪರೀಕ್ಷೆಗೆ ಹಾಕುವ ಕೈ ಮನುಷ್ಯನದೇ. ಗುಜರಾತಿನಲ್ಲಿ ಕೈಗಾರಿಕೆಗಳ ಹೊಗೆಯನ್ನು ತನಿಖೆ ಮಾಡಲು ಹೊರಗಿನ ಪರೀಕ್ಷಕರಿದ್ದರು. ಆದರೆ ಅವರನ್ನು ಆರಿಸಿ ಹಣ ಕೊಡುತ್ತಿದ್ದುದು ಅದೇ ಕೈಗಾರಿಕೆಗಳು. ವರದಿಗಳ ಅಂಕಿಗಳೆಲ್ಲ ಮಿತಿಯ ಗೆರೆಯ ಸ್ವಲ್ಪವೇ ಕೆಳಗೆ ಬಂದು ಗುಂಪಾಗಿ ನಿಲ್ಲುತ್ತಿದ್ದವು, ಪಾಸಾಗುವ ಅಂಕದ ಹೊಸ್ತಿಲಲ್ಲಿ ನಿಲ್ಲುವ ನಮ್ಮ ಹುಡುಗರ ಹಾಗೆ. ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಅಲ್ಲಿ ಒಂದು ಪ್ರಯೋಗ ನಡೆಸಿ ೨೦೧೩ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಪರೀಕ್ಷಕರನ್ನು ಚೀಟಿ ಎತ್ತಿದಂತೆ ಹಂಚಿ, ಸಂಬಳವನ್ನು ಬೇರೊಂದು ಸಾಮಾನ್ಯ ನಿಧಿಯಿಂದ ಕೊಟ್ಟು, ಅವರ ಅಳತೆಯನ್ನು ಮತ್ತೊಮ್ಮೆ ಅಳೆದು ನೋಡುವ ಏರ್ಪಾಡು ಮಾಡಿದಾಗ, ವರದಿಗಳು ನಿಜಕ್ಕೆ ಹತ್ತಿರವಾದವು. ಕೈಗಾರಿಕೆಗಳ ಹೊಗೆಯೂ ಇಳಿಯಿತು. ಅದೇ ದೇಶ, ಅದೇ ಕಸುಬು. ಬದಲಾದದ್ದು ಅನ್ನದ ಋಣ ಯಾರದು ಎಂಬುದು. ಪ್ರಾಮಾಣಿಕನಾಗಿರುವುದಕ್ಕೆ ಎಲ್ಲರೂ ಕನಕದಾಸರಾಗಬೇಕಿಲ್ಲ. ಸಾಮಾನ್ಯನೂ ನಿಜ ಹೇಳಿ ಬದುಕಬಲ್ಲ ಏರ್ಪಾಡು ಇದ್ದರೆ ಸಾಕು. ಆ ಏರ್ಪಾಡನ್ನು ಕಟ್ಟುವುದೇ ಸಮಾಜದ ನೀತಿ.

ಇನ್ನೊಂದು ಮಾತು. ಸಾಕ್ಷಿ ಇದ್ದು ನ್ಯಾಯಾಧೀಶನಿಲ್ಲದಿದ್ದರೆ ಏನು ಫಲ? ೨೦೧೫ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲು ಸ್ಥಾವರಗಳ ದೂಳಿಗೂ ಅನಿಲಗಳಿಗೂ ಬಿಗಿಯಾದ ಮಿತಿಗಳನ್ನು ಗೊತ್ತುಮಾಡಿ, ಎರಡು ವರ್ಷದ ಗಡುವು ಕೊಟ್ಟಿತು. ಗಡುವು ಮುಂದಕ್ಕೆ ಹೋಯಿತು, ಮತ್ತೆ ಹೋಯಿತು, ಮತ್ತೂ ಹೋಯಿತು. ೨೦೨೫ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಗಂಧಕದ ಮಿತಿಯಿಂದಲೇ ವಿನಾಯಿತಿ ದೊರೆಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಅದನ್ನು ತೊಳೆಯುವ ಯಂತ್ರಗಳಿಗೆ ಖರ್ಚು ಬಹಳ ಎಂಬ ವಾದವಿದೆ. ತಜ್ಞರು ತೂಗಿ ನೋಡಲಿ. ನಾನು ನೋಡುವುದು ಬೇರೆ ಸಂಗತಿಯನ್ನು. ಪ್ರಶ್ನಪತ್ರಿಕೆ ಕೊಟ್ಟು, ಹತ್ತು ವರ್ಷ ಕೊಠಡಿಯಲ್ಲಿ ಕೂರಿಸಿ, ಕೊನೆಗೆ ಈ ಪ್ರಶ್ನೆಗೆ ಉತ್ತರ ಬೇಕಿಲ್ಲ ಎಂದರೆ, ಅಷ್ಟು ಹೊತ್ತು ಕಷ್ಟಪಟ್ಟು ಬರೆದವನಿಗೆ ಏನೆನಿಸೀತು?

ಇಷ್ಟೆಲ್ಲ ವಿಚಾರ ಮಾಡಿದೆನಾದರೂ ಭಾವಮೈದುನನ ಪ್ರಶ್ನೆಗೆ ಉತ್ತರ ಕೊಟ್ಟಂತಾಗಲಿಲ್ಲ. ಅವನು ಕೇಳಿದ್ದು ಅಮೆರಿಕದ ಕಾನೂನನ್ನಲ್ಲ. ಆ ಪುಸ್ತಕದಲ್ಲಿ ತಾನು ಏನು ಬರೆಯಬೇಕು ಎಂಬುದನ್ನು. ನಿಜ ಬರೆ ಎಂದು ಹೇಳಲು ನಾಲಗೆ ಏಳಲಿಲ್ಲ. ಕಾರಣ, ಅಂಥದೇ ಒಂದು ಪುಸ್ತಕದಲ್ಲಿ ನಾನೂ ಒಂದು ಸಹಿ ಹಾಕಿದ್ದೇನೆ.

ಹನ್ನೆರಡು ವರ್ಷದ ಹಿಂದಿನ ಮಾತು. ಪದವಿ ಪರೀಕ್ಷೆ. ಒಬ್ಬ ಹುಡುಗ ತೊಡೆಯ ಮೇಲೆ ಚೀಟಿ ಇಟ್ಟುಕೊಂಡು ಬರೆಯುತ್ತಿದ್ದ. ಬಡವರ ಮನೆಯವನು, ಅವನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ನಾನು ನೋಡಿದೆ. ನೋಡಿ, ಕಿಟಕಿಯ ಕಡೆ ತಿರುಗಿದೆ. ಕರುಣೆ ಎಂದುಕೊಂಡೆ. ಕೊನೆಯಲ್ಲಿ ವರದಿಯ ಹಾಳೆಯಲ್ಲಿ ‘ಯಾವ ಅವ್ಯವಹಾರವೂ ನಡೆದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಆ ಹುಡುಗನ ಹಿಂದೆ ಒಬ್ಬ ಹುಡುಗಿ ಕುಳಿತಿದ್ದಳು. ಅವಳ ಮನೆಯೂ ಅವನ ಮನೆಗಿಂತ ಸ್ಥಿತಿವಂತರದೇನಲ್ಲ. ಅವಳು ಚೀಟಿಯನ್ನೂ ನೋಡಿದ್ದಳು, ನಾನು ನೋಡಿದ್ದನ್ನೂ ನೋಡಿದ್ದಳು. ಉತ್ತರ ಪತ್ರಿಕೆ ಕೊಡುವಾಗ ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದಳು. ದೂರಿರಲಿಲ್ಲ, ಸಿಟ್ಟೂ ಇರಲಿಲ್ಲ. ಗೊತ್ತಾಯಿತು ಎಂಬಂತೆ ಒಂದು ನೋಟ, ಅಷ್ಟೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ; ನನ್ನ ಹೆಂಡತಿಗೂ ಹೇಳಿರಲಿಲ್ಲ. ಅಂದು ಅವನಿಗೆ ಹೇಳಿದೆ. ಅವನು ಕೇಳಿ, “ಆ ಅಜ್ಜಿ ನೋಡಿದ್ದೂ ಹಾಗೇ ಇತ್ತು, ಭಾವ” ಎಂದು ಎದ್ದುಹೋಗಿ ಮಲಗಿದ. ಮರುದಿನ ಬೆಳಗಿನ ಬಸ್ಸಿಗೆ ಹೊರಟ.

ಎರಡು ತಿಂಗಳಾದ ಮೇಲೆ ಫೋನು ಬಂತು. ಮತ್ತೆ ಅಂಥದೇ ರಾತ್ರಿ ಬಂದಿತ್ತಂತೆ. ಮತ್ತೆ ಅದೇ ಮಾತು ಕೇಳಿಸಿತಂತೆ. ಇವನು ಯಂತ್ರವನ್ನು ಮುಟ್ಟಲಿಲ್ಲ. ಪುಸ್ತಕದಲ್ಲಿ ವಿಭಾಗ ಕೆಟ್ಟಿದ್ದನ್ನೂ, ಅಂಕಿ ಏರಿದ್ದನ್ನೂ, ಗಂಟೆ ನಿಮಿಷ ಸಮೇತ ಬರೆದ. ಒಂದು ವಾರದಲ್ಲಿ ಅವನನ್ನು ಉಗ್ರಾಣಕ್ಕೆ ಬದಲಾಯಿಸಿದರು. ಈಗ ಬೋಲ್ಟು ನಟ್ಟುಗಳ ಲೆಕ್ಕ ಬರೆಯುತ್ತಾನೆ. ರಾತ್ರಿ ಪಾಳಿಯ ಭತ್ಯೆ ನಿಂತುಹೋಗಿದೆ. ಮಗಳ ಶಾಲೆಯ ಶುಲ್ಕದ ಹೊತ್ತು. ನನ್ನ ಹೆಂಡತಿ, “ನಿಮ್ಮ ಪಾಠ ಕಾಲೇಜಿನಲ್ಲೇ ಇದ್ದಿದ್ದರೆ ಸಾಕಾಗಿತ್ತು” ಎಂದು ಮೂರು ದಿನ ನನ್ನೊಡನೆ ಮಾತನಾಡಲಿಲ್ಲ. ಅವಳ ಮಾತಿನಲ್ಲಿ ನ್ಯಾಯವಿದೆ. ನನ್ನ ಸಹಿಗೆ ನಾನು ಏನೂ ಬೆಲೆ ತೆರಲಿಲ್ಲ. ಅವನ ಸಹಿಗೆ ಅವನು ತೆತ್ತ. ಈ ತಿಂಗಳಿಂದ ಆ ಶುಲ್ಕವನ್ನು ನಾನು ಕಳುಹಿಸುತ್ತಿದ್ದೇನೆ. ಅದರಿಂದ ಲೆಕ್ಕ ಸರಿಹೋಗುವುದಿಲ್ಲ ಎಂಬುದು ನನಗೆ ಗೊತ್ತು.

ನಾಳೆ ಮತ್ತೆ ಪರೀಕ್ಷೆ. ಒಂಬತ್ತೂವರೆಗೆ ಕೊಠಡಿಯಲ್ಲಿರಬೇಕು.